ಮನಿ ಅಂದರೆ ತಪ್ಪೇನ್ರಿ?

(ಆಳಂದ ತಾಲೂಕಿನ ಸರಸಂಬಾದಲ್ಲಿ, ಬೆಂಗಳೂರು ಮತ್ತು ಕಲಬುರಗಿಯಿಂದ ಬಂದಿದ್ದ ಯುವ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ)



ರಾತ್ರಿಯಿಡೀ ಪ್ರಯಾಣ ಮಾಡಿ ಈ ಗಡಿ ತಾಲೂಕಿಗೆ ಬಂದಿದ್ದೀರಿ. ಬಾವುಟ ಹಾರಿಸಿ, ಜೈಕಾರ ಕೂಗಿ, ಸಂಜೆಯ ಬಸ್ಸು ಹತ್ತುವುದು ಸುಲಭ. ಆದರೆ ಇಂಥ ಊರುಗಳ ನಾಲ್ಕನೇ ತರಗತಿಯ ಮಗು ಕನ್ನಡದ ನಾಲ್ಕು ಸಾಲನ್ನು ತಾನಾಗಿ ಓದಲಾರದೆ ಹೋದರೆ ನಮ್ಮ ಜೈಕಾರಕ್ಕೆ ಬೆಲೆ ಏನು?

2022ರ 'ಅಸರ್' ಸಮೀಕ್ಷೆ ಕರ್ನಾಟಕದ ಹಳ್ಳಿಗಳಲ್ಲಿ ಕಂಡದ್ದು ಇದು: ಐದನೇ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡನೇ ತರಗತಿಯ ಪಾಠ ಓದಲು ಬರಲಿಲ್ಲ. ಕನ್ನಡ ಶಾಲೆಯಲ್ಲಿ ಕೂತೇ ಕನ್ನಡದಿಂದ ಹೊರಗುಳಿದ ಮಕ್ಕಳು ಇವರು. ಇದಕ್ಕಿಂತ ದೊಡ್ಡ ಭಾಷಾ ಸಮಸ್ಯೆ ಯಾವುದಿದೆ?

'ಗಣಕಯಂತ್ರ ಕೊಟ್ಟರೆ ಸರಿಹೋಗುತ್ತದೆ' ಎನ್ನುವವರಿದ್ದಾರೆ. ನಾನೂ ಹಾಗೆಯೇ ನಂಬಿದ್ದವನು. ನಾವು ನಾಲ್ವರು ಗೆಳೆಯರು ಸೇರಿ ಓದು ಕಲಿಸುವ ಒಂದು ಪ್ರೋಗ್ರಾಂ ಬರೆದೆವು. ಮಗು ಗಟ್ಟಿಯಾಗಿ ಓದಬೇಕು, ಯಂತ್ರ ಕೇಳಿಸಿಕೊಳ್ಳಬೇಕು, ತಪ್ಪಿದ ಪದಕ್ಕೆ ಕೆಂಪು ಬಣ್ಣ ಬೀಳಬೇಕು. ಹಳೆಯ ಲ್ಯಾಪ್‌ಟಾಪ್ ಹಿಡಿದು ಈ ಭಾಗದ ಒಂದು ಶಾಲೆಗೆ ಹೋದೆವು.

ಒಬ್ಬ ಹುಡುಗಿ ಕೂತಳು. ಪರದೆಯ ಮೇಲೆ 'ಮನೆ' ಎಂದಿತ್ತು. 'ಮನಿ' ಎಂದು ಓದಿದಳು. ಕೆಂಪು ಬಿತ್ತು. 'ಬೆಳೆ' ಇತ್ತು, 'ಬೆಳಿ' ಎಂದಳು. ಮತ್ತೆ ಕೆಂಪು. 'ಹೋಗುತ್ತಾನೆ' ಇತ್ತು, 'ಹೋಗ್ತಾನ' ಎಂದಳು. ಕೆಂಪೋ ಕೆಂಪು. ಹುಡುಗಿ ಯಂತ್ರದಿಂದ ಕೈ ತೆಗೆದು ನನ್ನನ್ನು ಕೇಳಿದಳು: "ನಮ್ಮವ್ವ ಮನಿ ಅಂತಲೇ ಅಂತಾಳ್ರೀ ಸರ್. ಆಕೀದೂ ತಪ್ಪೇನ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಆಕೆ ಅಕ್ಷರ ಗುರುತಿಸಿದ್ದಳು, ಅರ್ಥ ಮಾಡಿಕೊಂಡಿದ್ದಳು, ತನ್ನ ಬಾಯಿಯ ಕನ್ನಡದಲ್ಲಿ ಹೇಳಿದ್ದಳು. ಅದಕ್ಕಿಂತ ಹೆಚ್ಚಿನ ಓದು ಯಾವುದು? ಬೆಂಗಳೂರಿನ ದೊಡ್ಡವರ ದನಿಯನ್ನಷ್ಟೇ ಯಂತ್ರಕ್ಕೆ ಕೇಳಿಸಿದ ನಾವು, ಕಲಬುರಗಿ ಕನ್ನಡವನ್ನೇ ತಪ್ಪೆಂದು ಬರೆದುಬಿಟ್ಟಿದ್ದೆವು. ಹಿಂದಿ ಹೇರಿಕೆ, ಇಂಗ್ಲಿಷ್ ಹೇರಿಕೆ ಎಂದು ಬೀದಿಗಿಳಿಯುವ ನಾವೇ ಕನ್ನಡದ ಹೆಸರಿನಲ್ಲಿ ಒಂದು ಮಗುವಿನ ಬಾಯಿ ಮುಚ್ಚಿಸಿದ್ದೆವು.

ಊರಿಗೆ ಮರಳಿ ಪ್ರೋಗ್ರಾಂ ತಿದ್ದಿದೆವು. 'ಮನಿ' ಅಂದರೂ ಸರಿ ಎಂದು ಒಪ್ಪಿಕೊಂಡು, ಪುಸ್ತಕದ 'ಮನೆ'ಯನ್ನು ಪಕ್ಕದಲ್ಲಿ ಓದಿ ಹೇಳುವಂತೆ ಮಾಡಿದೆವು. ಆ ದನಿ ಆ ಶಾಲೆಯ ಅಕ್ಕೋರದ್ದೇ. ಮುಂದಿನ ಸಲ ಹೋದಾಗ ಹುಡುಗಿ ನಾವು ಕರೆಯುವ ಮೊದಲೇ ಬಂದು ಕೂತಳು.

ಇನ್ನೊಂದು ಪಾಠವೂ ಆಯಿತು. ಇಂಗ್ಲಿಷಿಗಾಗಿ ಮಾಡಿದ ಪ್ರೋಗ್ರಾಮಿಗೆ ಕನ್ನಡದ ಅಂಗಿ ತೊಡಿಸಿದರೆ ಸಾಲದು. 'ಸೂರ್ಯ' ಎಂಬ ಪದ ನೋಡಿ. ಅರ್ಕಾವತ್ತು ಬರೆಯುವುದು ಯಕಾರದ ನಂತರ, ಉಚ್ಚರಿಸುವುದು ಅದಕ್ಕೂ ಮೊದಲು. ಮಗು ಎಡವುವುದು ಇಂಥ ಕಡೆ, ಒತ್ತಕ್ಷರದಲ್ಲಿ, ಕಾಗುಣಿತದಲ್ಲಿ. ಯಂತ್ರ ಬೆರಳಿಟ್ಟು ತೋರಿಸಬೇಕಾದದ್ದೂ ಅಲ್ಲಿಯೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮಕ್ಕಳು ರ, ಗ, ಸ, ದ, ಅ ಎಂದು ಅಕ್ಷರ ಕಲಿಯುತ್ತಾರೆ. ತರಗತಿಯಲ್ಲಿ ಒಂದು ಕ್ರಮ, ಪರದೆಯಲ್ಲಿ 'ಅ ಆ ಇ ಈ' ಎಂಬ ಇನ್ನೊಂದು ಕ್ರಮವಾದರೆ ಮಗು ಯಾವುದನ್ನು ಹಿಡಿಯಬೇಕು?

ಯಂತ್ರದ ಮಿತಿಯನ್ನೂ ತಿಳಿದಿರೋಣ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2000ದ ದಶಕದಲ್ಲಿ ಸರ್ಕಾರಿ ಶಾಲೆಗಳಿಗಾಗಿ ಕಂಪ್ಯೂಟರ್ ಪಾಠದ ಸಿ.ಡಿ.ಗಳನ್ನು ಮಾಡಿಸಿ ದೊಡ್ಡ ಪ್ರಯೋಗ ನಡೆಸಿತು. ಕಂಪ್ಯೂಟರಿನಿಂದ ಆಗುವ ಲಾಭಕ್ಕೆ ಮಿತಿಯಿದೆ ಎಂದು 2010ರಲ್ಲಿ ಆ ಸಂಸ್ಥೆಯ ಅನುರಾಗ್ ಬೆಹರ್ ಅವರೇ ಪತ್ರಿಕೆಯಲ್ಲಿ ಬರೆದರು. ಶಿಕ್ಷಕರಿಲ್ಲದ ಕೋಣೆಯಲ್ಲಿ ಯಂತ್ರ ಬರೀ ಡಬ್ಬಿ. ಆದರೆ ನಲವತ್ತು ಮಕ್ಕಳ ನಡುವೆ ಒಬ್ಬರೇ ಅಕ್ಕೋರಿದ್ದಾಗ, ಬೇಸರಪಡದೆ ಹತ್ತು ಸಲ ಓದಿ ಹೇಳುವ, ಎಡವಿದರೆ ನಗದ ಯಂತ್ರ ಅವರಿಗೆ ಒಳ್ಳೆಯ ಜೊತೆಗಾರ.

ಹೊರಗಿನವರು ಮಾಡಿಕೊಡಲಿ ಎಂದು ಕಾಯುತ್ತೀರಾ? ಗೂಗಲ್ ಕಂಪನಿ ಮಕ್ಕಳ ಓದಿಗಾಗಿ 'ರೀಡ್ ಅಲಾಂಗ್' ಅನ್ನು 2020ರಲ್ಲಿ ಒಂಬತ್ತು ಭಾಷೆಗಳಲ್ಲಿ ತಂದಾಗ ಹಿಂದಿ, ಮರಾಠಿ, ತೆಲುಗು, ತಮಿಳು, ಬಂಗಾಳಿ, ಉರ್ದು ಇದ್ದವು. ಕನ್ನಡ ಇರಲಿಲ್ಲ. ಆ ಕಂಪನಿಯ ಕಚೇರಿ ಮಾತ್ರ ನಮ್ಮ ಬೆಂಗಳೂರಿನಲ್ಲಿತ್ತು!

ಕೇಳುವುದನ್ನು ಕೇಳೋಣ, ಮಾಡುವುದನ್ನು ಮಾಡೋಣ. ಕಥೆಗಳಿಗೆ ಬರವಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್'ನಲ್ಲಿ ಕನ್ನಡದ ಮಕ್ಕಳ ಕಥೆಗಳಿವೆ. ಹಣ ಕೊಡದೆ ಇಳಿಸಿಕೊಳ್ಳಬಹುದು, ಹಂಚಬಹುದು. ಭಾರತೀಯ ವಿಜ್ಞಾನ ಸಂಸ್ಥೆ 'ವಾಣಿ' ಯೋಜನೆಯಲ್ಲಿ ಜಿಲ್ಲೆವಾರು ಜನರ ಮಾತು ದಾಖಲಿಸುವ ಕೆಲಸ ಹಿಡಿದಿದೆ. ಇಲ್ಲಿ ಬೇಕಾದದ್ದು ಈ ಊರುಗಳ ಮಕ್ಕಳ ದನಿ, ಅದೂ ಹೆತ್ತವರ ಒಪ್ಪಿಗೆ ಪಡೆದು. ತಾಂಡಾದ ಮಗುವಿಗೆ ಕಥೆಯನ್ನು ಮೊದಲು ಲಂಬಾಣಿಯಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಓದಿಸಿ. ಕನ್ನಡ ಸೋಲುವುದಿಲ್ಲ, ಓದುಗರು ಹೆಚ್ಚುತ್ತಾರೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುವಂತೆ ಪ್ರೋಗ್ರಾಂ ಬರೆಯಿರಿ.

ನಿಮ್ಮಲ್ಲಿ ಹಲವರು ಹಗಲೆಲ್ಲ ಪರದೇಶದ ಕಂಪನಿಗಳಿಗೆ ಪ್ರೋಗ್ರಾಂ ಬರೆಯುತ್ತೀರಿ. ವಾರಕ್ಕೆ ಎರಡು ಗಂಟೆ ಈ ಮಕ್ಕಳಿಗೆ ಕೊಡಿ. ಬರೆದದ್ದನ್ನು ಇಲ್ಲಿಗೆ ತಂದು, ಮಕ್ಕಳ ಪಕ್ಕದಲ್ಲಿ ನೆಲದ ಮೇಲೆ ಕೂತು ನೋಡಿ. ಕೆಂಪು ಬಿದ್ದರೆ ಮಗುವನ್ನು ತಿದ್ದಬೇಡಿ. ಮೊದಲು ನಿಮ್ಮ ಪ್ರೋಗ್ರಾಂ ತಿದ್ದಿ.

ಆ ಹುಡುಗಿಯ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ ಅಷ್ಟೇ.