12 ದಿನದ ಮಿಷನ್ ಮತ್ತು ಒಂದು ಫೋಟೋ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಮೂಲತಃ ಧಾರವಾಡದವನು. ಎಂಟೆಕ್ ಮುಗಿಸಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದು ಹತ್ತು ವರ್ಷದ ಮೇಲಾಯ್ತು. ಇಂಥ ವೇದಿಕೆ ಸಿಕ್ಕಾಗ ಸಾಮಾನ್ಯವಾಗಿ ಜನ ತಮ್ಮ ಗೆಲುವಿನ ಕಥೆ ಹೇಳ್ತಾರೆ. ನಾನು ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

2017ರ ಫೆಬ್ರವರಿ. ನಮ್ಮ ಚರ್ಚಿನಿಂದ 9 ಜನ ನೇಪಾಳಕ್ಕೆ ಹೊರಟ್ವಿ. ಇದಕ್ಕೆ ಶಾರ್ಟ್ ಟರ್ಮ್ ಮಿಷನ್ ಟ್ರಿಪ್ ಅಂತಾರೆ. ಆಫೀಸಿಗೆ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಹೋಗಿ, ಸ್ವಲ್ಪ ಸೇವೆ, ಸ್ವಲ್ಪ ಪ್ರಾರ್ಥನೆ, ಸ್ವಲ್ಪ ಸಾಕ್ಷಿ ಹೇಳಿ ಬರೋದು. ಸಾಕ್ಷಿ ಅಂದ್ರೆ, ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಅಂತ ನಾಲ್ಕು ಜನರ ಮುಂದೆ ಹೇಳೋದು. ಒಟ್ಟು 12 ದಿನ. ಅದರಲ್ಲಿ 5 ದಿನ ರೈಲು, ಬಸ್ಸಿನಲ್ಲೇ ಕಳೀತು.

ಹೊರಡೋ ಮುಂಚೆ ಅವ್ವ ಫೋನಿನಲ್ಲಿ ಕೇಳಿದ್ಲು: "ಅಲ್ಲೋ, ನಿನಗ ಅವರ ಭಾಷಾ ಬರೂದಿಲ್ಲ, ಗೌಂಡಿ ಕೆಲಸಾನೂ ಬರೂದಿಲ್ಲ. ಅಲ್ಲಿ ಹೋಗಿ ಏನ್ ಮಾಡಿ ಬರ್ತಿ?" ನಾನು, "ಪ್ರೀತಿ ತೋರಿಸಿ ಬರ್ತೀನವ್ವಾ" ಅಂದೆ. ಈಗ ನೆನೆಸಿಕೊಂಡ್ರೆ ನಾಚಿಕೆಯಾಗುತ್ತೆ.

ನಾವು ಹೋಗಿದ್ದು ಸಿಂಧುಪಾಲ್ಚೋಕ್ ಜಿಲ್ಲೆಯ ಒಂದು ಬೆಟ್ಟದ ಹಳ್ಳಿಗೆ. 2015ರ ಏಪ್ರಿಲ್ 25ರ ಭೂಕಂಪ ನಿಮಗೆ ನೆನಪಿರಬಹುದು. 7.8ರ ತೀವ್ರತೆ, ಸತ್ತವರು ಸುಮಾರು 9,000. ಅತಿ ಹೆಚ್ಚು ಸಾವು ಆಗಿದ್ದು ಇದೇ ಜಿಲ್ಲೆಯಲ್ಲಿ. ಅವತ್ತು ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಚರ್ಚಿನ ಆರಾಧನೆಯೂ ಶನಿವಾರವೇ. ಭೂಮಿ ನಡುಗಿದ್ದು ಮಧ್ಯಾಹ್ನ 12ಕ್ಕೆ ನಾಲ್ಕು ನಿಮಿಷ ಇರುವಾಗ. ಎಷ್ಟೋ ಕಡೆ ಜನ ಆರಾಧನೆಯಲ್ಲೇ ಇದ್ರು. ನಮ್ಮನ್ನ ಕರೆಸಿಕೊಂಡ ಪಾಸ್ಟರ್ ಚರ್ಚಿನ ಗೋಡೆಯೂ ಅವತ್ತೇ ಬಿತ್ತು. ನಾವು ಹೋದಾಗ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸಿ, ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಕೂತು ಹಾಡ್ತಿದ್ರು.

ಅಲ್ಲಿ ನನ್ನ ಮೊದಲ ಪಾಠ ಆಗಿದ್ದು ಒಬ್ಬ ಮುದುಕರಿಂದ. ಇಂಡಿಯಾದಿಂದ ಇಂಜಿನಿಯರ್ ಬಂದಿದ್ದಾನೆ ಅಂತ ಯಾರೋ ಹೇಳಿದ್ರಂತೆ. ಅವರು ನನ್ನ ಕೈ ಹಿಡಿದು ತಮ್ಮ ಮನೆಯ ಪಾಯಕ್ಕೆ ಕರ್ಕೊಂಡು ಹೋದ್ರು. ಮನೆ ಕಟ್ಟಿಕೊಳ್ಳೋಕೆ ಸರ್ಕಾರ 3 ಲಕ್ಷ ನೇಪಾಳಿ ರೂಪಾಯಿ ಕೊಡ್ತಿತ್ತು, ಕಂತಿನಲ್ಲಿ. ಪಾಯ ಸರಿಯಿದೆ ಅಂತ ಇಂಜಿನಿಯರ್ ನೋಡಿ ಬರೆದುಕೊಟ್ರೆ ಮಾತ್ರ ಮುಂದಿನ ಕಂತು. "ಇದು ಪಾಸಾಗುತ್ತಾ ಸಾಹೇಬ್ರೆ?" ಅಂತ ಕೇಳ್ತಿದ್ದಾರೆ. ನಾನು ಕಂಪ್ಯೂಟರ್ ಇಂಜಿನಿಯರ್ ಅಂತ ಪಾಸ್ಟರ್ ಬಿಡಿಸಿ ಹೇಳಿದ್ರು. ಮುದುಕರು ಜೋರಾಗಿ ನಕ್ಕು, ಕೂರಿಸಿ ಢಿಡೋ ಕೊಟ್ರು. ಅದು ರಾಗಿ ಹಿಟ್ಟಿಂದು. ಥೇಟ್ ನಮ್ಮ ಮುದ್ದೆಯ ತಮ್ಮ! ನಾನು ಸಹಾಯ ಮಾಡೋಕೆ ಹೋದವನು, ಊಟ ಮಾಡಿ ಬಂದೆ.

ಇನ್ನು ತಪ್ಪಿನ ವಿಷಯ. ನಾವು ಕಂಬಳಿ ಮತ್ತು ಸೋಲಾರ್ ದೀಪ ಒಯ್ದಿದ್ವಿ. ಜೊತೆಗೆ ನೇಪಾಳಿಯಲ್ಲಿ ಅಚ್ಚಾದ ಸುವಾರ್ತೆಯ ಪುಸ್ತಿಕೆಗಳು. ಪಾಸ್ಟರ್ ಮೊದಲೇ ಹೇಳಿದ್ರು, "ಭಾಯಿ, ಎರಡನ್ನೂ ಒಂದೇ ಕೈಯಲ್ಲಿ ಕೊಡಬೇಡಿ." ನೇಪಾಳದ 2015ರ ಸಂವಿಧಾನದ 26ನೇ ವಿಧಿಯ ಪ್ರಕಾರ ಇನ್ನೊಬ್ಬರನ್ನ ಮತಾಂತರ ಮಾಡೋ ಹಾಗಿಲ್ಲ. ಆದ್ರೆ ಅವರು ಹೇಳಿದ್ದು ಬರೀ ಕಾನೂನಿನ ಮಾತಲ್ಲ. ಹಸಿದವನ ಕೈಗೆ ಅಕ್ಕಿ ಕೊಟ್ಟು ಅದರ ಜೊತೆ ಪುಸ್ತಕ ಇಟ್ರೆ, ಅವನು ಪುಸ್ತಕ ತಗೊಂಡಿದ್ದು ಯಾಕೆ ಅಂತ ಅವನಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ, ಅಂದ್ರು. ನಾವು ತಲೆ ಆಡಿಸಿದ್ವಿ. ರಾತ್ರಿ ಕೂತು ಪ್ರತಿ ದೀಪದ ಚೀಲಕ್ಕೂ ಒಂದೊಂದು ಪುಸ್ತಿಕೆ ಹಾಕಿದ್ವಿ. ಇಷ್ಟು ದೂರ ಬಂದು ಇದನ್ನೂ ಮಾಡದಿದ್ರೆ ಹೇಗೆ ಅನ್ನೋ ಹುಮ್ಮಸ್ಸು. ಮಾರನೇ ದಿನ ಹಂಚುವಾಗ ಫೋಟೋ ತೆಗೆದವನು ನಾನು. ಕಠ್ಮಂಡು ತಲುಪಿ ನೆಟ್‌ವರ್ಕ್ ಸಿಕ್ಕ ಕೂಡಲೇ ಫೇಸ್‌ಬುಕ್‌ಗೆ ಹಾಕಿದವನೂ ನಾನೇ. ಪಾಸ್ಟರ್ ಮುಖ, ದೀಪ, ಪುಸ್ತಿಕೆ, ಊರಿನ ಹೆಸರು, ಎಲ್ಲಾ ಇತ್ತು. ಇನ್ನೂರು ಚಿಲ್ಲರೆ ಲೈಕ್ ಬಂತು.

ಎರಡು ತಿಂಗಳಾದ ಮೇಲೆ ಪಾಸ್ಟರ್ ಫೋನ್ ಮಾಡಿದ್ರು. ಬೈಯಲಿಲ್ಲ. "ಭಾಯಿ, ಆ ಫೋಟೋ ಒಂದು ತೆಗೀತೀರಾ?" ಅಂದ್ರು. ಕಠ್ಮಂಡುವಿನಲ್ಲಿ ಕೆಲಸ ಮಾಡೋ ಊರಿನ ಹುಡುಗನೊಬ್ಬ ಅದನ್ನ ನೋಡಿದ್ದ. ಅದು ಊರಿನ ಎಲ್ಲಾ ಮೊಬೈಲಿಗೂ ಹೋಗಿತ್ತು. ದೀಪ ಕೊಟ್ಟು ಜನರನ್ನ ಕೊಳ್ತಿದ್ದೀಯಾ ಅಂತ ಊರವರು ಅವರನ್ನ ಕೂರಿಸಿ ಕೇಳಿದ್ರಂತೆ.

ಆ ಬೆಟ್ಟದ ಊರುಗಳಲ್ಲಿ ಪರ್ಮ ಅಂತ ಒಂದು ಪದ್ಧತಿ ಇದೆ. ನಮ್ಮ ಕಡೆ ಮುಯ್ಯಾಳು ಅಂತೀವಲ್ಲ, ಅದೇ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಪಾಸ್ಟರ್ ಮನೆ ಕಟ್ಟೋಕೂ ಊರವರು ಹಾಗೇ ಬರ್ತಿದ್ರು. ಫೋಟೋ ಆದ ಮೇಲೆ ಬರೋದು ನಿಂತುಹೋಯ್ತು. ಆಳು ಹಿಡಿಯೋಕೆ ದುಡ್ಡಿಲ್ಲ. ಗೋಡೆ ಸೊಂಟದ ಮಟ್ಟಕ್ಕೇ ನಿಂತು, ಆ ಮಳೆಗಾಲವನ್ನೂ ಹೆಂಡತಿ ಮಕ್ಕಳ ಜೊತೆ ತಗಡಿನ ಶೆಡ್ಡಿನಲ್ಲೇ ಕಳೆದ್ರು. ನಾನು ಫೋಟೋ ಡಿಲೀಟ್ ಮಾಡೋಕೆ ಹತ್ತು ಸೆಕೆಂಡು ಹಿಡೀತು.

ಮರುವರ್ಷ ಜಾರಿಗೆ ಬಂದ ಅಪರಾಧ ಸಂಹಿತೆಯಲ್ಲಿ ಮತಾಂತರ ಮಾಡಿಸಿದ್ರೆ 5 ವರ್ಷದವರೆಗೆ ಜೈಲು ಅಂತಾಯ್ತು. ವಿದೇಶಿಯಾದ್ರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ. ಆ ಕಾನೂನು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನನ್ನಂಥವನಿಗೆ ಕೊನೆಗೂ ವಾಪಸ್ ಬರೋಕೆ ಒಂದು ಮನೆ ಇದೆ. ಅವರಿಗೆ ಇರೋದು ಅದೇ ಊರು, ಅದೇ ನೆರೆಮನೆ.

ನಮ್ಮ ಮನೆತನದಲ್ಲಿ ಅಕ್ಷರ ಕಲಿತ ಮೊದಲಿಗರು ಬಾಸೆಲ್ ಮಿಷನ್ ಶಾಲೆಯವರು. ಕಿಟ್ಟೆಲ್ ಭಾರತಕ್ಕೆ ಬಂದಿದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಹೊರಬಂದಿದ್ದು 1894ರಲ್ಲಿ. ನಡುವೆ 41 ವರ್ಷ. ನೇಪಾಳದಲ್ಲಿ ನನ್ನಂಥ ಒಬ್ಬ ಇಂಜಿನಿಯರ್ ಇದ್ರು, ಓಡ್ ಹೋಫ್ಟುನ್, ನಾರ್ವೆಯವರು. 1958ರಲ್ಲಿ ಮಿಷನ್ ಕಡೆಯಿಂದ ಬಂದವರು. ಬುಟವಲ್‌ನಲ್ಲಿ ಹುಡುಗರಿಗೆ ಕೈಕೆಲಸ ಕಲಿಸೋ ಸಂಸ್ಥೆ ಕಟ್ಟಿದ್ರು. ತಿನಾವು ನದಿಯಲ್ಲಿ 1 ಮೆಗಾವಾಟಿನ ಪುಟ್ಟ ವಿದ್ಯುತ್ ಯೋಜನೆಯಿಂದ ಶುರು ಮಾಡಿ, ನೇಪಾಳದವರೇ ದೊಡ್ಡ ಯೋಜನೆ ಕಟ್ಟೋ ಹಾಗೆ ಮಾಡಿದ್ರು. ಸುನೌಲಿ ಗಡಿ ದಾಟಿದ ನಮ್ಮ ಬಸ್ಸು ರಾತ್ರಿ ಆ ಬುಟವಲ್ ಮೇಲೇ ಹೋಗಿತ್ತು. ನಾನು ನಿದ್ದೆ ಮಾಡ್ತಿದ್ದೆ.

ಎಲ್ಲರೂ ಕೆಲಸ ಬಿಟ್ಟು ನಲವತ್ತು ವರ್ಷ ಹೋಗಿ ಅಂತ ನಾನು ಹೇಳ್ತಿಲ್ಲ. ನಾನೂ ಹೋಗಿಲ್ಲ, ಇಎಂಐ ಇದೆ. ಆದ್ರೆ 12 ದಿನಕ್ಕೆ ಹೋಗೋನು ಮಿಷನರಿ ಅಲ್ಲ, ನೆಂಟ. ನೆಂಟ ಮನೆಯವರ ಮಾತು ಕೇಳಬೇಕು. ಅವನು ಎದ್ದು ಹೋದ ಮೇಲೆ ಮನೆಯವರು ಊರಿಗೆ ಉತ್ತರ ಕೊಡೋ ಹಾಗೆ ಮಾಡಬಾರದು.

2018ರ ನವೆಂಬರಿನಲ್ಲಿ ಒಬ್ಬನೇ ಮತ್ತೆ ಹೋದೆ, ಕ್ಷಮೆ ಕೇಳೋಕೆ. ಪಾಸ್ಟರ್ ಮನೆಗೆ ಮಾಡು ಆಗಿತ್ತು. ಹೇಗಾಯ್ತು ಅಂತ ಕೇಳಿದೆ. ಯಾರೂ ಕರೆಯದೇ ಇದ್ರೂ ಅವರು ಎರಡು ವರ್ಷ ನೆರೆಯವರ ಹೊಲಕ್ಕೆ ಹೋಗಿ ರಾಗಿ ನಾಟಿ ಮಾಡಿದ್ರಂತೆ. ಮೊದಲ ವರ್ಷ ಯಾರೂ ಮಾತಾಡಿಸಲಿಲ್ಲ. ಎರಡನೇ ವರ್ಷ ಒಬ್ಬರು ಚಹಾ ಕೊಟ್ರು. ಆಮೇಲೆ ಕಲ್ಲು ಹೊರೋಕೆ ಬಂದ್ರು. ನಾನಿದ್ದ ಐದು ದಿನ ನಾನೂ ಆ ನೆರೆಯವರ ಹೊಲದಲ್ಲಿ ರಾಗಿ ಕೊಯ್ದೆ. ಕೆಟ್ಟದಾಗಿ ಕೊಯ್ದೆ, ಬೆರಳು ಕುಯ್ಕೊಂಡೆ. ಸಾಕ್ಷಿ ಹೇಳಲಿಲ್ಲ, ಫೋಟೋ ತೆಗೀಲಿಲ್ಲ.

ಈಗ ನಮ್ಮ ಚರ್ಚಿನಲ್ಲಿ ಯಾರಾದ್ರೂ ಹೀಗೆ ಹೊರಟ್ರೆ ನಾನು ಒಂದೇ ಪ್ರಶ್ನೆ ಕೇಳ್ತೀನಿ: ನೀವು ವಾಪಸ್ ಬಂದ ಮಾರನೇ ದಿನ ಅಲ್ಲಿ ಯಾರು ಇರ್ತಾರೆ, ಅವರು ನಿಮ್ಮಿಂದ ಏನು ಕೇಳಿದ್ದಾರೆ? ಇದಕ್ಕೆ ಉತ್ತರ ಇದ್ರೆ ಹೋಗಿ. ಇಲ್ಲದಿದ್ರೆ ಟಿಕೆಟ್ ದುಡ್ಡನ್ನ ಅವರಿಗೇ ಕಳಿಸಿ.