ಮೇ ತಿಂಗಳ ದೆಹಲಿ: ಬಿಸಿಲು ಹೇಳಿದಂತೆ ತಿರುಗಾಟ

ಮಕ್ಕಳ ಪರೀಕ್ಷೆ ಮುಗಿದು ಶಾಲೆಗೆ ಬೀಗ ಬಿತ್ತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ: ಈ ಸಲ ಎಲ್ಲಿಗೆ? ದೆಹಲಿ ಎಂದಿರೋ, ಹೋಗಿಬಂದವರೆಲ್ಲ ಹೌಹಾರುತ್ತಾರೆ. ಮೇ ತಿಂಗಳಲ್ಲಿ ದೆಹಲಿಯೇ, ತಲೆ ನೆಟ್ಟಗಿದೆಯೇ ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಅಲ್ಲಿ ಆಗ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಅದರ ಮೇಲೆ ‘ಲೂ’ ಎಂಬ ಒಣ ಬಿಸಿಗಾಳಿ ಬೇರೆ. ಹೊಸದೆಹಲಿ ಕಟ್ಟಿಸಿದ ಬ್ರಿಟಿಷರೇ ಬೇಸಿಗೆಯಲ್ಲಿ ಅಲ್ಲಿರುತ್ತಿರಲಿಲ್ಲ. ಕಡತ, ಗುಮಾಸ್ತರ ಸಮೇತ ಸರ್ಕಾರವೇ ಶಿಮ್ಲಾ ಬೆಟ್ಟ ಹತ್ತುತ್ತಿತ್ತು. ದಸರಾ ರಜೆಯವರೆಗೆ ಕಾಯಬಲ್ಲವರು ಖಂಡಿತ ಕಾಯಿರಿ. ಬೇಸಿಗೆ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುವವರಿಗೆ ಈ ಮಾತು.

ನಮ್ಮ ಪ್ರವಾಸದ ಯೋಜನೆ ಎಂದರೆ ಸಾಮಾನ್ಯವಾಗಿ ಒಂದು ಪಟ್ಟಿ. ದಿನಕ್ಕೆ ಎಂಟು ಜಾಗ, ಟ್ಯಾಕ್ಸಿಯವನು ತೋರಿಸಿದ ಕಡೆ ಇಳಿ, ಫೋಟೋ ತೆಗೆಸಿಕೋ, ಮತ್ತೆ ಹತ್ತು. ಮೇ ತಿಂಗಳ ದೆಹಲಿಯಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ದಿನವನ್ನು ಸೂರ್ಯನಿಗೆ ತಕ್ಕಂತೆ ಮೂರು ಪಾಲು ಮಾಡಬೇಕು. ಬೆಳಗಿನ ಐದೂವರೆಗೆಲ್ಲ ಅಲ್ಲಿ ಬೆಳಕು ಹರಿದಿರುತ್ತದೆ. ಆಗಿನಿಂದ ಹತ್ತರವರೆಗೆ ಬಯಲಲ್ಲಿ ತಿರುಗಾಟ. ಹನ್ನೊಂದರಿಂದ ಐದರವರೆಗೆ ಸೂರಿನಡಿ. ಆಮೇಲೆ ಮತ್ತೆ ಹೊರಗೆ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಮಂಗಳೂರಿನ ಸೆಕೆಯಲ್ಲಿ ಅಂಗಿ ಒದ್ದೆಯಾಗುತ್ತದೆ, ಬೆವರು ಕಣ್ಣಿಗೆ ಕಾಣುತ್ತದೆ. ದೆಹಲಿಯ ಒಣ ಹವೆಯಲ್ಲಿ ಬೆವರು ಮೂಡಿದಂತೆಯೇ ಆರಿಹೋಗುತ್ತದೆ. ಮೈ ಒಣಗಿಯೇ ಇದೆಯಲ್ಲ ಎಂದುಕೊಳ್ಳುತ್ತಿರುವಾಗಲೇ ದೇಹದ ನೀರು ಬರಿದಾಗುತ್ತಿರುತ್ತದೆ. ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಬೇಕು. ಉಪ್ಪು ಬೆರೆಸಿದ ನಿಂಬೆಹಣ್ಣಿನ ಶರಬತ್ತು, ಮಜ್ಜಿಗೆ, ಅಲ್ಲಿನವರು ಕುಡಿಯುವ ಬಿಲ್ವದ ಹಣ್ಣಿನ ಶರಬತ್ತು, ಎಲ್ಲವೂ ಸರಿ. ಜಾಮಾ ಮಸೀದಿಗೆ ಹೋಗುವವರು ಚೀಲದಲ್ಲಿ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಅಂಗಳದ ಕೆಂಪುಗಲ್ಲು ಹನ್ನೊಂದು ಗಂಟೆಗೆಲ್ಲ ಕಾದ ಕಾವಲಿ. ಜಮಖಾನೆಯ ಪಟ್ಟಿ ಹಾಸಿರುತ್ತಾರೆ, ಅದನ್ನು ಬಿಟ್ಟು ಪಕ್ಕಕ್ಕೆ ಕಾಲಿಟ್ಟ ಮಕ್ಕಳು ಕುಣಿಯತೊಡಗುತ್ತಾರೆ.

ಇಷ್ಟೆಲ್ಲ ಹೇಳಿ ಹೆದರಿಸುವುದು ನನ್ನ ಉದ್ದೇಶವಲ್ಲ. ನನ್ನ ಕೇಳಿದರೆ, ಹಳೆಯ ದೆಹಲಿಯ ಕಟ್ಟಡಗಳು ಅರ್ಥವಾಗುವುದೇ ಬೇಸಿಗೆಯಲ್ಲಿ. ಈ ಬಿಸಿಲಿಗೆಂದೇ ಕಟ್ಟಿದವು ಅವು. ಕೆಂಪುಕೋಟೆಯನ್ನು ನೋಡಿ. ಷಾಜಹಾನ್ 1639ರಲ್ಲಿ ಕೆಲಸ ಶುರುಮಾಡಿಸಿದ, 1648ರಲ್ಲಿ ಮುಗಿಯಿತು. ಅರಮನೆಗಳ ನಡುವೆಯೇ ಕಾಲುವೆಯೊಂದು ಒಂದು ಮಹಲಿನಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ರಂಗಮಹಲಿನ ನೆಲದಲ್ಲಿ ಕಮಲದಾಕಾರದ ಅಮೃತಶಿಲೆಯ ಕೊಳಕ್ಕೆ ಬೀಳುತ್ತಿತ್ತು. ಹೆಚ್ಚಿನವರು ಇಲ್ಲಿಗೆ ನೋಡಿ ಮುಗಿಸಿ ಹೊರಡುತ್ತಾರೆ. ಉತ್ತರಕ್ಕಿರುವ ತೋಟಕ್ಕೂ ಹೋಗಿ. ಅದರ ಎರಡು ತುದಿಗಳಲ್ಲಿ ಎದುರುಬದುರಾಗಿ ಎರಡು ಬಿಳಿ ಮಂಟಪಗಳಿವೆ, ಹೆಸರು ಸಾವನ್ ಮತ್ತು ಭಾದೋಂ, ಎಂದರೆ ಶ್ರಾವಣ, ಭಾದ್ರಪದ. ಮಳೆಗಾಲದ ತಿಂಗಳುಗಳು! ಮಂಟಪದ ಗೋಡೆಯಲ್ಲಿ ಸಾಲುಸಾಲು ಪುಟ್ಟ ಗೂಡುಗಳಿವೆ. ಅವುಗಳ ಮುಂದೆ ನೀರು ತೆರೆಯಂತೆ ಸುರಿಯುತ್ತಿತ್ತು, ಹಗಲು ಗೂಡುಗಳಲ್ಲಿ ಹೂದಾನಿ, ರಾತ್ರಿ ದೀಪ. ಮಳೆಯನ್ನೇ ಮನೆಯೊಳಗೆ ತರಿಸಿಕೊಂಡಿದ್ದರು. ಈಗ ನೀರಿಲ್ಲ, ಗೂಡುಗಳು ಖಾಲಿ. ಪಕ್ಕದಲ್ಲಿ ನಿಂತು ಮಕ್ಕಳಿಗೆ ನೀವೇ ಹೇಳಬೇಕು.

ನಡುಹಗಲಿಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯ ವಾಸಿ. ಮೊಹೆಂಜೊದಾರೊದ ಕಂಚಿನ ಹುಡುಗಿ ಅಲ್ಲೇ ಇದ್ದಾಳೆ. ಪಠ್ಯಪುಸ್ತಕದ ಚಿತ್ರ ನೋಡಿ ದೊಡ್ಡ ವಿಗ್ರಹವೆಂದುಕೊಂಡ ಮಕ್ಕಳು, ಸುಮಾರು ಹತ್ತೂವರೆ ಸೆಂಟಿಮೀಟರಿನ ಆಕೆಯನ್ನು ಕಂಡು ಕಣ್ಣರಳಿಸುತ್ತಾರೆ. ಹುಮಾಯೂನ್ ಸಮಾಧಿಯ ಪಕ್ಕದಲ್ಲಿ 2024ರಲ್ಲಿ ತೆರೆದ ಸಂಗ್ರಹಾಲಯ ನೆಲದಡಿಗೇ ಇದೆ. ಹಳೆಯ ಮೆಟ್ಟಿಲುಬಾವಿಗಳ ಮಾದರಿಯಲ್ಲಿ ಅದನ್ನು ಕಟ್ಟಿದ್ದಾರೆ. ಅಲ್ಲಿ ತಂಪಾಗಿ ಕಾಲ ಕಳೆದು, ಬಿಸಿಲಿಳಿದ ಮೇಲೆ ಸಮಾಧಿಗೆ ಹೋಗಿ. ಕಲ್ಲಿನ ಜಾಲಂಧ್ರಗಳು ಬಿಸಿಲನ್ನು ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುವುದನ್ನು ಆಗ ನೋಡಬಹುದು. ನಿಜವಾದ ಮೆಟ್ಟಿಲುಬಾವಿ ನೋಡಬೇಕೆಂದರೆ ಕನಾಟ್ ಪ್ಲೇಸ್ ಹತ್ತಿರವೇ ಅಗ್ರಸೇನ್ ಬಾವೊಲಿ ಇದೆ, ನೂರಕ್ಕೂ ಮಿಕ್ಕಿದ ಮೆಟ್ಟಿಲು. ಇವೆಲ್ಲದರ ನಡುವೆ ಓಡಾಡಲು ಮೆಟ್ರೊ ಇದ್ದೇ ಇದೆ. ಕೆಂಪುಕೋಟೆಗೂ ಜಾಮಾ ಮಸೀದಿಗೂ ಅವುಗಳದೇ ಹೆಸರಿನ ನಿಲ್ದಾಣಗಳಿವೆ. ಸಂಜೆ ಒಮ್ಮೊಮ್ಮೆ ಧೂಳಿನ ಬಿರುಗಾಳಿ ಏಳುತ್ತದೆ, ಗಾಬರಿ ಬೇಡ, ಯಾವುದಾದರೂ ಸೂರಿನಡಿ ನಿಲ್ಲಿ. ಅದು ಹಾದುಹೋದ ಮೇಲೆ ಹವೆ ತಂಪಾಗುತ್ತದೆ.

ಇನ್ನು ವಾರದ ಲೆಕ್ಕ. ಕೆಂಪುಕೋಟೆಗೂ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಸೋಮವಾರ ರಜೆ. ಆಗ್ರಾದ ತಾಜ್‌ಮಹಲಿಗೆ ಶುಕ್ರವಾರ ರಜೆ. ಹಾಗಾಗಿ ಆಗ್ರಾವನ್ನು ಸೋಮವಾರಕ್ಕೆ ಇಟ್ಟುಕೊಂಡರೆ ಒಂದು ದಿನವೂ ವ್ಯರ್ಥವಾಗದು. ಅದಕ್ಕೆ ದೆಹಲಿಗೆ ಹೋಗಿ ಹಿಂದಿರುಗುವುದೂ ಬೇಡ. ಬೆಂಗಳೂರಿನಿಂದ ಸಂಜೆ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ಎರಡು ರಾತ್ರಿ ಕಳೆದು ದೆಹಲಿ ಸೇರುವ ಮೊದಲು ಆಗ್ರಾದಲ್ಲಿ ನಿಲ್ಲುತ್ತದೆ. ಶನಿವಾರ ಸಂಜೆ ಹತ್ತಿದರೆ ಸೋಮವಾರ ಬೆಳಿಗ್ಗೆ ಅಲ್ಲೇ ಇಳಿಯಬಹುದು. ಟಿಕೆಟ್ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್‌ನಲ್ಲಿ 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಮೇ ಮೊದಲ ವಾರ ಹೊರಡುವವರು ಮಾರ್ಚ್ ಮೊದಲ ವಾರವೇ ಟಿಕೆಟ್ ಮಾಡಿಸಬೇಕು, ಮಕ್ಕಳ ಪರೀಕ್ಷೆಯ ಗಲಾಟೆಯ ನಡುವೆಯೇ.