ಪವಿತ್ರ ಶನಿವಾರದ ಮೌನ



ಪವಿತ್ರ ಶನಿವಾರದ ಹಗಲಿನಲ್ಲಿ ಧರ್ಮಸಭೆಯು ಬಲಿಪೂಜೆಯನ್ನು ಅರ್ಪಿಸುವುದಿಲ್ಲ. ಬಲಿಪೀಠ ಬರಿದು, ಗಂಟೆ ಮೂಕ. ನಮ್ಮ ಹಿರಿಯರ ಕಾಲದಲ್ಲಿ ಪಾಸ್ಕ ಜಾಗರಣೆಯು ಶನಿವಾರ ಬೆಳಿಗ್ಗೆಯೇ ನೆರವೇರುತ್ತಿತ್ತು. ಜಗದ್ಗುರು ಪೋಪ್ ಹನ್ನೆರಡನೆಯ ಪಿಯುಸ್‌ರವರು 1955ರ ಆಜ್ಞಾಪತ್ರದಿಂದ ಅದನ್ನು ರಾತ್ರಿಗೆ ಮರಳಿಸಿದರು. ಹೀಗೆ ಕಾಯುವ ದಿನವೊಂದು ನಮಗೆ ಪುನಃ ದೊರೆಯಿತು.

ಗಲಿಲೇಯದ ಸ್ತ್ರೀಯರು ಸುಗಂಧದ್ರವ್ಯಗಳನ್ನು ಸಿದ್ಧಪಡಿಸಿ, ಸಬ್ಬತ್ ದಿನ ಆಜ್ಞೆಯಂತೆ ವಿಶ್ರಮಿಸಿದರೆಂದು ಸಂತ ಲೂಕರು ತಿಳಿಸುತ್ತಾರೆ. ಪುನರುತ್ಥಾನವನ್ನು ಅವರು ನಿರೀಕ್ಷಿಸಿರಲಿಲ್ಲ. ಆದರೂ ಪ್ರಭುವಿಗೆ ಸಲ್ಲಬೇಕಾದ ಸೇವೆಯನ್ನು ಬಿಡಲಿಲ್ಲ. ಆದುದರಿಂದಲೇ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಅವರು.

ರೋಗಿಯ ಹಾಸಿಗೆಯ ಬಳಿ ಉತ್ತರ ಕಾಣದೆ ಪ್ರಾರ್ಥಿಸುವ ಮನೆಗಳಲ್ಲಿ ಇಂದಿಗೂ ಅದೇ ಶನಿವಾರ. ದೇವರು ಮೌನವಾಗಿರುವಾಗಲೂ ನಮ್ಮ ಕೈಗಳ ಸೇವೆ ನಿಲ್ಲದಿರಲಿ. ಈ ದೇವಾಲಯದ ನೂರು ವರ್ಷಗಳನ್ನು ಹೊತ್ತು ತಂದದ್ದು ಅಂಥ ಕೈಗಳೇ.

ಪ್ರಭುವಿನ ಶಾಂತಿ ನಿಮ್ಮೆಲ್ಲರೊಡನೆ ಇರಲಿ.